ನಲಿಕಲಿ ತರಗತಿಯಲ್ಲಿ ಕಾರ್ಡು, ಪಾಟಿ ಮತ್ತು ಟ್ಯಾಬ್: ಓದು ಕಲಿಸುವಾಗ ಯಾವುದಕ್ಕೆ ಯಾವ ಜಾಗ?

ಪ್ರಶ್ನೆ: ನಲಿಕಲಿ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಗುರುಬಳಗಕ್ಕೆ ನಮಸ್ಕಾರಗಳು.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ನಲಿಕಲಿ ಪದ್ಧತಿಯಲ್ಲಿ, ಅಂದರೆ ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡು ಮತ್ತು ಚಟುವಟಿಕೆಗಳ ಮೂಲಕ ಕಲಿಯುವ ಕ್ರಮದಲ್ಲಿ, ಕಲಿಸುತ್ತಿದ್ದೇನೆ. ಈ ವರ್ಷ ದಾನಿಗಳೊಬ್ಬರ ನೆರವಿನಿಂದ ನಮ್ಮ ಶಾಲೆಗೆ ಒಂದು ಸ್ಮಾರ್ಟ್ ಟಿವಿ ಮತ್ತು ಕೆಲವು ಟ್ಯಾಬ್‌ಗಳು ಬಂದಿವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೂ ಪೋಷಕರಿಗೂ ಇದರಿಂದ ಬಹಳ ಸಂತೋಷವಾಗಿದೆ. "ನಮ್ಮ ಸಾಲ್ಯಾಗೂ ಟಿವಿ ಬಂತ್ರೀ" ಎಂದು ಹೇಳಿಕೊಳ್ಳುವ ತಾಯಂದಿರ ಹೆಮ್ಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಹೆಮ್ಮೆಯಿಂದಲೇ ಕೆಲವು ಮಕ್ಕಳ ಹಾಜರಾತಿ ಸುಧಾರಿಸಿದೆ. ಆದರೆ ತರಗತಿಯೊಳಗೆ ನಾನು ಗಮನಿಸುತ್ತಿರುವ ಕೆಲವು ಸಂಗತಿಗಳ ಬಗ್ಗೆ ನಿಮ್ಮ ಅನುಭವವನ್ನು ಕೇಳಬೇಕಾಗಿದೆ.

ಮೂರನೆಯ ತರಗತಿಯ ಒಬ್ಬ ಹುಡುಗ ಟಿವಿಯಲ್ಲಿ ಶಿಶುಗೀತೆ ಬರುವಾಗ, ಹಾಡಿನ ಜೊತೆಜೊತೆಗೆ ಬಣ್ಣ ಬದಲಿಸುವ ಪದಗಳನ್ನು ಬೆರಳಿಟ್ಟು ತೋರಿಸುತ್ತಾ ಎಲ್ಲಿಯೂ ತಡವರಿಸದೆ ಓದುತ್ತಾನೆ. ಅದೇ ಗೀತೆಯ ಎರಡು ಸಾಲುಗಳನ್ನು ಹಿಂದುಮುಂದು ಮಾಡಿ ಕಪ್ಪುಹಲಗೆಯ ಮೇಲೆ ಬರೆದಾಗ ಮೊದಲ ಪದದಲ್ಲಿಯೇ ನಿಂತು ನನ್ನ ಮುಖ ನೋಡುತ್ತಾನೆ. ಎರಡನೆಯ ತರಗತಿಯ ಒಬ್ಬಳು ಹುಡುಗಿ ಟ್ಯಾಬ್‌ನಲ್ಲಿ 'ಭ' ಅಕ್ಷರವನ್ನು ಬೆರಳಿನಿಂದ ತಿದ್ದಿ ಪ್ರತಿ ಸಲವೂ ನಕ್ಷತ್ರ ಗಳಿಸುತ್ತಾಳೆ. ಪಾಟಿಯ ಮೇಲೆ ಬರೆಯಲು ಹೇಳಿದರೆ ಅವಳ 'ಬ' ಮತ್ತು 'ಭ' ಎರಡೂ ಒಂದೇ ಆಗಿರುತ್ತವೆ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೂ ನನ್ನ ಕಣ್ಣ ಮುಂದೆಯೇ ಇದೆ. ತಾಂಡಾದಿಂದ ಬರುವ ಒಂದು ಮಗುವಿನ ಮನೆಮಾತು ಲಂಬಾಣಿ. ನನ್ನ ಮಿಂಚುಪಟ್ಟಿಗಳ (ಪದ ಬರೆದ ಕಾರ್ಡುಗಳ) ಮೇಲಿನ ಕನ್ನಡ ಪದಗಳು ಆ ಮಗುವಿಗೆ ಬಹಳ ಕಾಲ ಅರ್ಥವಿಲ್ಲದ ಗೆರೆಗಳಾಗಿಯೇ ಉಳಿದಿದ್ದವು. ಚಿತ್ರ ನೋಡುತ್ತಾ ಪದವನ್ನು ತನಗೆ ಬೇಕಾದಷ್ಟು ಸಲ ಕೇಳಿಸಿಕೊಳ್ಳುವ ಅವಕಾಶ ಟ್ಯಾಬ್‌ನಿಂದ ಸಿಕ್ಕ ಮೇಲೆ ಅದೇ ಮಗು ಕಾರ್ಡುಗಳ ಕಡೆಗೂ ಆಸಕ್ತಿಯಿಂದ ಬರತೊಡಗಿದೆ.

ಆದ್ದರಿಂದ ಟ್ಯಾಬ್ ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಕಲಿಕಾ ಏಣಿಯ, ಅಂದರೆ ಕಲಿಕೆಯ ಹಂತಗಳನ್ನು ಕ್ರಮವಾಗಿ ಜೋಡಿಸಿದ ಪಟ್ಟಿಯ, ಯಾವ ಮೆಟ್ಟಿಲಿನಲ್ಲಿ ಪರದೆಗೆ ಜಾಗ ಕೊಡಬೇಕು, ಯಾವ ಮೆಟ್ಟಿಲಿನಲ್ಲಿ ಕಾರ್ಡು, ಪಾಟಿ ಮತ್ತು ಪುಸ್ತಕಗಳನ್ನೇ ನೆಚ್ಚಿಕೊಳ್ಳಬೇಕು, ಗಾಜಿನ ಮೇಲೆ ಬೆರಳಿನಿಂದ ತಿದ್ದುವುದು ಪಾಟಿಯ ಮೇಲಿನ ಬರವಣಿಗೆಗೆ ಬದಲಿಯಾಗಬಲ್ಲದೇ ಎಂಬುದನ್ನು ಕಲಿಸಿ ಬಲ್ಲವರಿಂದ ತಿಳಿಯಬೇಕಾಗಿದೆ.

ಉತ್ತರ 1: ನಿವೃತ್ತ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಮೈಸೂರು ಜಿಲ್ಲೆ

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬದಲಿಯಾಗಲಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಕನ್ನಡದಲ್ಲಿ ದ–ಧ, ಡ–ಢ, ಪ–ಫ, ಬ–ಭ ಈ ಜೋಡಿಗಳ ನಡುವಿನ ಮುಖ್ಯ ವ್ಯತ್ಯಾಸವೆಂದರೆ ಅಕ್ಷರದ ಬುಡದಲ್ಲಿ ಬರುವ ಒಂದು ಪುಟ್ಟ ಗೆರೆ. ಆಡುಮಾತಿನಲ್ಲಿ ಮಹಾಪ್ರಾಣವನ್ನು ಒತ್ತಿ ಉಚ್ಚರಿಸುವವರು ಕಡಿಮೆಯಾದ್ದರಿಂದ ಮಗುವಿನ ಕಿವಿಗೆ ಆ ವ್ಯತ್ಯಾಸ ಬೀಳುವುದೇ ಅಪರೂಪ. ಕಿವಿ ಹಿಡಿಯದ ಭೇದವನ್ನು ಕಣ್ಣು ಮತ್ತು ಕೈ ಹಿಡಿಯಬೇಕು. ತಿದ್ದುವ ಆ್ಯಪ್‌ನಲ್ಲಿ ಚುಕ್ಕಿಯ ದಾರಿ ಮೊದಲೇ ಹಾಸಿರುತ್ತದೆ. ಬೆರಳು ಆ ದಾರಿಯ ಆಸುಪಾಸಿನಲ್ಲಿ ಸಾಗಿದರೂ ಅದು ಒಪ್ಪಿಕೊಂಡು ನಕ್ಷತ್ರ ಕೊಡುತ್ತದೆ. ಪಾಟಿಯಲ್ಲಿ ದಾರಿ ಇರುವುದಿಲ್ಲ. ಎಲ್ಲಿ ಆರಂಭಿಸಬೇಕು, ಎಲ್ಲಿ ಸುತ್ತಬೇಕು, ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಮಗು ತಾನೇ ನೆನಪಿನಿಂದ ತೆಗೆಯಬೇಕಾಗುತ್ತದೆ, ಮತ್ತು ಆ ನೆನಪೇ ಮುಂದೆ ಓದುವಾಗ ಅಕ್ಷರವನ್ನು ಗುರುತಿಸಲು ನೆರವಾಗುತ್ತದೆ. 2005ರಲ್ಲಿ ಫ್ರಾನ್ಸಿನಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಕೈಬರಹದಿಂದ ಅಕ್ಷರ ಕಲಿತ ಮಕ್ಕಳು ಕೀಲಿಮಣೆಯಿಂದ ಕಲಿತವರಿಗಿಂತ ಅಕ್ಷರಗಳನ್ನು ಚೆನ್ನಾಗಿ ಗುರುತಿಸಿದ್ದರು. ಆ ವ್ಯತ್ಯಾಸ ಮುಖ್ಯವಾಗಿ ಅವರಲ್ಲಿ ದೊಡ್ಡ ಮಕ್ಕಳಲ್ಲಿ ಕಂಡಿತ್ತು. ಅಲ್ಲಿ ಹೋಲಿಸಿದ್ದು ಕೀಲಿಮಣೆಯನ್ನೇ ಹೊರತು ಬೆರಳಿನ ತಿದ್ದುವಿಕೆಯನ್ನಲ್ಲ ಎಂಬುದನ್ನೂ ಹೇಳಬೇಕು. ಆದರೂ ನಿಮ್ಮ ತರಗತಿಯ 'ಭ' ಹೇಳುತ್ತಿರುವುದು ಅದೇ ದಿಕ್ಕಿನ ಮಾತು.

ಇನ್ನು ಕಲಿಕಾ ಏಣಿಯ ವಿಚಾರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿಕಲಿ ಆರಂಭವಾದಾಗ ಅದರ ಕಾರ್ಡುಗಳನ್ನು ರೂಪಿಸಿದವರಲ್ಲಿ ತರಗತಿಯಲ್ಲಿ ನಿಂತು ಪಾಠ ಮಾಡುತ್ತಿದ್ದ ಶಿಕ್ಷಕರೇ ಇದ್ದರು. ಅವರು ಅಕ್ಷರಗಳನ್ನು ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಇಡದೆ ರ, ಗ, ಸ, ದ, ಅ ಎಂದು ಆರಂಭಿಸಿದ್ದಕ್ಕೆ ಗಟ್ಟಿಯಾದ ಕಾರಣವಿದೆ. ಇವು ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಸಮೀಪ, ಎಲ್ಲಕ್ಕಿಂತ ಮಿಗಿಲಾಗಿ ಈ ಐದೇ ಅಕ್ಷರಗಳಿಂದ ಸರ, ಅಗಸ, ಅರಸ, ಗರಗಸ ಎಂಬ ಪದಗಳನ್ನು ಮಗು ಮೊದಲ ವಾರಗಳಲ್ಲಿಯೇ ಓದಬಲ್ಲದು. ಅಕ್ಷರ ಕಲಿತರೆ ಪದ ಸಿಗುತ್ತದೆ ಎಂಬ ನಂಬಿಕೆ ಆ ಮಗುವಿನಲ್ಲಿ ಅಲ್ಲಿಯೇ ಹುಟ್ಟುತ್ತದೆ. ಬಹುಪಾಲು ಆ್ಯಪ್‌ಗಳು ಮತ್ತು ವಿಡಿಯೋಗಳು ವರ್ಣಮಾಲೆಯ ಕ್ರಮವನ್ನೇ ಹಿಡಿದು ಹೊರಡುತ್ತವೆ. ಬೆಳಿಗ್ಗೆ ಕಾರ್ಡಿನಲ್ಲಿ 'ಗ' ಕಲಿಯುವ ಮಗು ಮಧ್ಯಾಹ್ನ ಟ್ಯಾಬ್‌ನಲ್ಲಿ 'ಋ' ತಿದ್ದುತ್ತಿದ್ದರೆ ಎರಡೂ ಅರ್ಧವಾಗುತ್ತವೆ. ಆದ್ದರಿಂದ ಟ್ಯಾಬ್ ಏಣಿಯ ಹಿಂದೆ ಬರಬೇಕೇ ಹೊರತು ಏಣಿ ಟ್ಯಾಬ್‌ನ ಹಿಂದೆ ಹೋಗಬಾರದು. ಮಗು ಏಣಿಯ ಯಾವ ಮೈಲಿಗಲ್ಲಿನಲ್ಲಿ, ಅಂದರೆ ಯಾವ ಹಂತದಲ್ಲಿ, ಇದೆಯೋ ಆ ಅಕ್ಷರಗಳ ಚಟುವಟಿಕೆಯನ್ನು ಮಾತ್ರ ತೆರೆದು ಕೊಡಿ. ಹಾಗೆ ಆರಿಸಲು ಬಿಡದ ಆ್ಯಪ್ ಅಕ್ಷರ ಕಲಿಕೆಯ ಹಂತಕ್ಕೆ ಬೇಡ.

ನಿಮ್ಮ ಮೂರನೆಯ ತರಗತಿಯ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಅವನು ಹಾಡನ್ನು ಪೂರ್ತಿ ಬಾಯಿಪಾಠ ಮಾಡಿದ್ದಾನೆ, ಮತ್ತು ಬಣ್ಣ ಯಾವಾಗ ಬದಲಾಗುತ್ತದೆ ಎಂಬುದನ್ನು ಕಲಿತಿದ್ದಾನೆ. ಅದನ್ನು ಓದಿನ ಕಡೆಗೆ ತಿರುಗಿಸುವುದು ಕಷ್ಟವಲ್ಲ. ಮೊದಲ ದಿನ ಧ್ವನಿಯೊಂದಿಗೆ ಹಾಡಿಸಿ. ಮರುದಿನ ಧ್ವನಿಯನ್ನು ಪೂರ್ತಿ ನಿಲ್ಲಿಸಿ ಪರದೆಯ ಮೇಲಿನ ಸಾಲುಗಳನ್ನು ಮಾತ್ರ ತೋರಿಸಿ. ಆಮೇಲೆ ಅದೇ ಗೀತೆಯನ್ನು ಚಾರ್ಟ್ ಹಾಳೆಯಲ್ಲಿ ದೊಡ್ಡದಾಗಿ ಬರೆದು, ತರಗತಿಯಲ್ಲಿ ತಲೆಯ ಮೇಲೆ ಕಟ್ಟಿದ ಕಲಿಕಾ ಚಪ್ಪರಕ್ಕೆ ತೂಗುಹಾಕಿ, ಇನ್ನೊಂದು ಪ್ರತಿಯನ್ನು ಪದಪದವಾಗಿ ಕತ್ತರಿಸಿ ಮಕ್ಕಳ ಮುಂದೆ ಹರಡಿ ಜೋಡಿಸಲು ಹೇಳಿ. ಗೀತೆಯಲ್ಲಿ ಇಲ್ಲದ ಒಂದೆರಡು ಪದಗಳನ್ನು ನಡುವೆ ಬೆರೆಸಿದರೆ, ಯಾರು ಓದುತ್ತಿದ್ದಾರೆ, ಯಾರು ನೆನಪಿನಿಂದ ಜೋಡಿಸುತ್ತಿದ್ದಾರೆ ಎಂಬುದು ನಿಮಗೆ ತಕ್ಷಣ ತಿಳಿಯುತ್ತದೆ.

ಒಂದು ಮಾತು ಪೋಷಕರಿಗಾಗಿ. ಮೂರನೆಯ ತರಗತಿಯಾದರೂ ಒತ್ತಕ್ಷರ ಬರುವುದಿಲ್ಲವಲ್ಲ ಎಂದು ಅವರು ಗಾಬರಿಯಾಗುತ್ತಾರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಮ್ಮ ಅಕ್ಷರಗಳ ಮೇಲೆ ಹಿಡಿತ ಸಾಧಿಸಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಸಮಯ ಬೇಕಾಗುತ್ತದೆ ಎಂಬುದನ್ನು ತೋರಿಸಿದೆ. 49 ಅಕ್ಷರಗಳ ವರ್ಣಮಾಲೆ ಬಾಗಿಲು ಮಾತ್ರ. 34 ವ್ಯಂಜನಗಳ ಕಾಗುಣಿತ ಮತ್ತು ಅದರ ಮೇಲೆ ಒತ್ತುಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. ಅವಸರಪಡಿಸುವ ಸಾಧನ ಯಾವುದಾದರೂ, ಅದು ಟ್ಯಾಬ್ ಆಗಿರಲಿ ಅಂಕಲಿಪಿಯಾಗಿರಲಿ, ಇಲ್ಲಿ ಉಪಕಾರಕ್ಕೆ ಬರುವುದಿಲ್ಲ.

ಉತ್ತರ 2: ಅರಿವು ಕೇಂದ್ರದ (ಗ್ರಾಮ ಪಂಚಾಯತಿ ಗ್ರಂಥಾಲಯದ) ಮೇಲ್ವಿಚಾರಕ, ತುಮಕೂರು ಜಿಲ್ಲೆ

ಶಾಲೆಯ ಹೊರಗಿನ ಸಮಯದ ಬಗ್ಗೆ ನನ್ನ ಮಾತನ್ನು ಸೇರಿಸುತ್ತೇನೆ. 2020ರ ನವೆಂಬರ್ 14ರಂದು 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದಂದಿನಿಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ನಮ್ಮ ಕೇಂದ್ರದಲ್ಲಿ ಪುಸ್ತಕಗಳೂ ಇವೆ, ಕಂಪ್ಯೂಟರ್ ಕೂಡ ಇದೆ. ಮಕ್ಕಳು ಬಾಗಿಲಿನಿಂದ ನೇರವಾಗಿ ಕಂಪ್ಯೂಟರಿನ ಕಡೆಗೇ ಓಡುತ್ತಾರೆ ಎಂಬುದು ನಿಜ. ಆದರೆ ಒಂದು ಕಂಪ್ಯೂಟರಿನ ಮುಂದೆ ಗುಂಪು ಸೇರಿದಾಗ ಮೌಸ್ ಹಿಡಿದವನೇ ಓದುಗ, ಉಳಿದವರು ಪ್ರೇಕ್ಷಕರು. ಪುಸ್ತಕವಾದರೆ ಚಾಪೆಯ ಮೇಲೆ ಅಷ್ಟೂ ಮಕ್ಕಳ ಕೈಯಲ್ಲಿ ಒಂದೊಂದು ಇರುತ್ತದೆ.

ಹಾಗಾಗಿ ನಾವು ಡಿಜಿಟಲ್ ಕಥೆಗಳನ್ನು ಕಾಗದಕ್ಕೆ ಇಳಿಸುವ ದಾರಿ ಹಿಡಿದಿದ್ದೇವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತಗಳಿಗೆ ಅನುಗುಣವಾಗಿ ವಿಂಗಡವಾಗಿವೆ, ಮತ್ತು ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಪುಟಕ್ಕೆ ಒಂದೇ ಸಾಲಿರುವ ಮೊದಲ ಹಂತದ ಕಥೆಗಳನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿ, ನಡುವೆ ಹೊಲಿದು, ಚಿತ್ರಗಳಿಗೆ ಬಣ್ಣ ತುಂಬುವ ಕೆಲಸವನ್ನು ಮಕ್ಕಳಿಗೇ ಬಿಡುತ್ತೇವೆ. ಬಣ್ಣ ತುಂಬಲು ಕುಳಿತ ಮಗು ಪ್ರತಿ ಪುಟದಲ್ಲೂ ಬಹಳ ಹೊತ್ತು ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ಕೆಳಗಿನ ಸಾಲು ಅದರ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಎಂದು ಲೆಕ್ಕ ಹಾಕುವಾಗ ಅದು ಯಾರ ಬಳಿ, ಯಾವ ಹೊತ್ತಿನಲ್ಲಿ ಇರುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ನಮ್ಮೂರಿನಲ್ಲಿ ಅದು ತಂದೆಯ ಜೇಬಿನಲ್ಲಿ ಬೆಳಿಗ್ಗೆ ಹೊರಟು ಕತ್ತಲಾದ ಮೇಲೆ ಮರಳುತ್ತದೆ. ಪಠ್ಯಪುಸ್ತಕದಲ್ಲಿ ದೀಕ್ಷಾ ಎಂಬ ಸರ್ಕಾರಿ ಡಿಜಿಟಲ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್ ಮುದ್ರಿತವಾಗಿದ್ದರೂ ಅದನ್ನು ತೆರೆಯುವ ಫೋನ್ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಮನೆಗೆ ಕೊಡುವ ಕೆಲಸ ಕಾಗದದ ಮೇಲೆಯೇ ಇರಲಿ ಎಂಬುದು ನನ್ನ ಆಗ್ರಹ.

ಉತ್ತರ 3: ವಾರಾಂತ್ಯದ ಕನ್ನಡ ತರಗತಿಯ ಸ್ವಯಂಸೇವಕಿ, ದುಬೈ

ನಮ್ಮ ಪರಿಸ್ಥಿತಿ ನಿಮ್ಮದಕ್ಕೆ ಎದುರಾದದ್ದು. ಇಲ್ಲಿನ ಮಕ್ಕಳ ಕಿವಿಗೆ ಮನೆಯ ಕನ್ನಡ ಬೀಳುತ್ತದೆ, ಆದರೆ ಕಣ್ಣಿಗೆ ಕನ್ನಡ ಬೀಳುವುದೇ ಇಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಮದುವೆಯ ಕರೆಯೋಲೆ, ಗೋಡೆಯ ಕ್ಯಾಲೆಂಡರು ಇವೆಲ್ಲ ಊರಿನ ಮಗುವಿಗೆ ಪುಕ್ಕಟೆಯಾಗಿ ಸಿಗುವ ಪಾಠಗಳು. ನಮ್ಮ ಮಕ್ಕಳಿಗೆ ಆ ಜಾಗದಲ್ಲಿ ಪರದೆಯೊಂದೇ ಇದೆ. ಆದ್ದರಿಂದ ಡಿಜಿಟಲ್ ಸಾಧನದ ಒಂದು ನಿರ್ದಿಷ್ಟ ಉಪಯೋಗವನ್ನು ನಾನು ಒತ್ತಿ ಹೇಳಬಯಸುತ್ತೇನೆ, ಅದು ಒತ್ತಕ್ಷರದ ಕಲಿಕೆ.

'ಸೂರ್ಯ' ಎಂಬ ಪದವನ್ನು ನೋಡಿ. ಉಚ್ಚರಿಸುವಾಗ ರ್ ಮೊದಲು, ಯ ಆಮೇಲೆ. ಕೈಯಿಂದ ಬರೆಯುವಾಗ ಯ ಮೊದಲು ಬಂದು, ರ್ ಧ್ವನಿಯ ಗುರುತಾದ ಅರ್ಕಾವತ್ತು ಅದರ ನಂತರ ಕುಳಿತುಕೊಳ್ಳುತ್ತದೆ. ಕಿವಿ ಒಂದು ಕ್ರಮವನ್ನೂ ಕಣ್ಣು ಇನ್ನೊಂದು ಕ್ರಮವನ್ನೂ ಹೇಳುವುದರಿಂದ ಮಗು 'ಸೂಯ್ರ' ಎಂದು ಓದುತ್ತದೆ, ನಾವು ತಿದ್ದುತ್ತೇವೆ, ಮತ್ತೆ ಹಾಗೆಯೇ ಓದುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದಾಗ ಈ ಗೊಂದಲ ಬಿಡಿಸಿಕೊಳ್ಳುತ್ತದೆ, ಏಕೆಂದರೆ ಕಂಪ್ಯೂಟರು ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ ಅವು ಉಚ್ಚಾರಣೆಯ ಕ್ರಮದಲ್ಲಿಯೇ ಹೋಗುತ್ತವೆ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ರ, ಅನಂತರ ಸ್ವರವನ್ನು ಕಳೆಯುವ ಎಫ್ ಕೀಲಿ, ಅನಂತರ ಯ ಒತ್ತಬೇಕು. ಯ ಒತ್ತಿದ ಕ್ಷಣದಲ್ಲಿ ಅದುವರೆಗೆ 'ರ್' ಆಗಿ ನಿಂತಿದ್ದುದು ಜಾಗ ಬದಲಿಸಿ ಅರ್ಕಾವತ್ತಾಗಿ ಯಕಾರದ ಪಕ್ಕಕ್ಕೆ ಹೋಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಕಪ್ಪುಹಲಗೆಯ ಮೇಲೆ ನಾನು ಎಷ್ಟು ವಿವರಿಸಿದರೂ ತೋರಿಸಲಾಗದ ಚಲನೆ ಅದು. 'ಅಮ್ಮ', 'ಅನ್ನ', 'ಹತ್ತು', 'ಕಲ್ಲು' ಇಂಥ ಪದಗಳಲ್ಲಿಯೂ ಹೀಗೆಯೇ: ಮ, ನ, ತ, ಲ ಅಕ್ಷರಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲವಾದ್ದರಿಂದ, ಒಂದೇ ಕೀಲಿಯನ್ನು ಎರಡು ಸಲ ಒತ್ತಿದಾಗ ಕೆಳಗೆ ಬೇರೆಯೇ ಆಕಾರ ಮೂಡುವುದನ್ನು ನೋಡಿದ ಮಗುವಿಗೆ ಆ ಎರಡೂ ಒಂದೇ ವ್ಯಂಜನ ಎಂಬುದು ಮನಸ್ಸಿಗೆ ಇಳಿಯುತ್ತದೆ.

ಆದರೆ ಟೈಪ್ ಮಾಡಿದ ಪ್ರತಿ ಪದವನ್ನೂ ನಾವು ಕೂಡಲೇ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಸುತ್ತೇವೆ. ಫೋನಿನಲ್ಲಿ ಪದದ ಸಲಹೆಗಳು ಬರುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿರಬೇಕು. ಎರಡಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ತಾನಾಗಿಯೇ ಬಂದುಬಿಟ್ಟರೆ ಮಗು ಕಲಿಯುವುದು ಆರಿಸುವುದನ್ನು, ಬರೆಯುವುದನ್ನಲ್ಲ.

ಉತ್ತರ 4: ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡುವ ಉಪನ್ಯಾಸಕ, ಕಲಬುರಗಿ

ದುಬೈಯ ಮೇಡಂ ಹೇಳಿದ ಒತ್ತಕ್ಷರದ ವಿಧಾನ ನನಗೆ ಬಹಳ ಹಿಡಿಸಿತು. ಆದರೆ ನಲಿಕಲಿ ತರಗತಿಯಲ್ಲಿ ಅದನ್ನು ತರಲು ಅವಸರಪಡಬಾರದು ಎಂಬುದು ನನ್ನ ಭಿನ್ನಾಭಿಪ್ರಾಯ. ಸರಳ ಅಕ್ಷರ ಮತ್ತು ಕಾಗುಣಿತ ಪಾಟಿಯ ಮೇಲೆ ಗಟ್ಟಿಯಾಗದ ಮಗುವಿಗೆ ಕೀಲಿಮಣೆ ಕೊಟ್ಟರೆ, ಬರೆಯುವ ಶ್ರಮ ತಪ್ಪಿದ ಸಂತೋಷದಲ್ಲಿ ಪಾಟಿಗೆ ಮರಳುವುದೇ ಇಲ್ಲ. ಮೂರನೆಯ ತರಗತಿಯ ಎರಡನೆಯ ಅರ್ಧದಲ್ಲಿ, ಒತ್ತಕ್ಷರದ ಮೈಲಿಗಲ್ಲುಗಳನ್ನು ತಲುಪಿದ ಮಕ್ಕಳಿಗೆ ಮಾತ್ರ ಅದು ಸೂಕ್ತ.

ಓದಿನ ಬಗ್ಗೆ ಸಂಶೋಧನೆಗಳು ಹೇಳುವುದನ್ನು ಸ್ವಲ್ಪ ಎಚ್ಚರಿಕೆಯಿಂದ ಗ್ರಹಿಸಬೇಕು. 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಕಾಗದದ ಮೇಲೆ ಓದಿದವರ ಗ್ರಹಿಕೆ ಪರದೆಯಲ್ಲಿ ಓದಿದವರಿಗಿಂತ ಉತ್ತಮವಾಗಿತ್ತು. ಆದರೆ ಕಥೆಯನ್ನಷ್ಟೇ ಓದಿಸಿದ ಅಧ್ಯಯನಗಳಲ್ಲಿ ಆ ಅಂತರ ಕಾಣಲಿಲ್ಲ. ಅದು ಚಿಕ್ಕ ಮಕ್ಕಳನ್ನೇ ಕುರಿತದ್ದಲ್ಲ. ಒಂದರಿಂದ ಎಂಟು ವರ್ಷದ ಮಕ್ಕಳನ್ನು ಕುರಿತ 39 ಅಧ್ಯಯನಗಳ ವಿಶ್ಲೇಷಣೆ 2021ರಲ್ಲಿ ಬಂತು, ಮತ್ತು ನಮಗೆ ಹೆಚ್ಚು ಉಪಯುಕ್ತವಾದದ್ದು ಅದೇ. ಪುಸ್ತಕವನ್ನು ಇದ್ದಂತೆಯೇ ಪರದೆಗೆ ಹಾಕಿದರೆ ಕಾಗದದ ಪುಸ್ತಕವೇ ಮೇಲು. ಕಥೆಯ ತಿರುಳನ್ನೇ ಬೆಳಗಿಸುವ ಚಲನೆ ಮತ್ತು ಧ್ವನಿಗಳಿದ್ದರೆ ಡಿಜಿಟಲ್ ಪುಸ್ತಕಕ್ಕೆ ಮೇಲುಗೈ. ಕಥೆಯಲ್ಲಿ ಬಾವಿಗೆ ಬಿದ್ದ ಮೊಲವನ್ನು ಮುಟ್ಟಿದಾಗ ಅದು ಮೇಲೆ ಹತ್ತಲು ಯತ್ನಿಸಿದರೆ ಮಗು ಕಥೆಯೊಳಗೆ ಇಳಿಯುತ್ತದೆ. ಮೂಲೆಯ ಚಿಟ್ಟೆಯನ್ನು ಮುಟ್ಟಿದಾಗ ಗಂಟೆ ಬಾರಿಸಿದರೆ ಕಥೆಯಿಂದ ಆಚೆ ಹೋಗುತ್ತದೆ. ಟ್ಯಾಬ್‌ಗೆ ಕಥೆ ಆರಿಸುವಾಗ ಇದೊಂದೇ ಅಳತೆಗೋಲು ಸಾಕು.

ಇನ್ನೊಂದು ಎಚ್ಚರಿಕೆ ಅಗತ್ಯ. ಮಕ್ಕಳ ಓದು ಮತ್ತು ಲೆಕ್ಕದ ಬುನಾದಿಗಾಗಿ 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನದ ನಂತರ ನಿಮಿಷಕ್ಕೆ ಎಷ್ಟು ಪದ ಓದುತ್ತಾರೆ ಎಂಬ ಲೆಕ್ಕ ಎಲ್ಲೆಡೆ ಬಂದಿದೆ, ಕೆಲವು ಆ್ಯಪ್‌ಗಳು ಅದನ್ನು ತಾವೇ ಅಳೆದು ತೋರಿಸುತ್ತವೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಸಂಶಯ, ಪ್ರಶ್ನೆಗಳೆಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. 'ಹೋಗಬೇಕಾಗಿತ್ತಂತೆ' ಎಂಬುದೂ ಒಂದು ಪದ, 'ಸರ' ಎಂಬುದೂ ಒಂದು ಪದ. ಪರದೆಯ ಮೇಲಿನ ಆ ಅಂಕಿಯನ್ನು ನೋಡಿ ಮಗುವನ್ನು ಹಿಂದುಳಿದವನೆಂದು ದಯವಿಟ್ಟು ಯಾರೂ ಬರೆಯಬೇಡಿ. ಎದುರು ಕುಳಿತು ಓದಿಸಿ, ಓದಿದ್ದೇನೆಂದು ಕೇಳಿ.

ಪ್ರಶ್ನೆ ಕೇಳಿದ ಶಿಕ್ಷಕಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪದಪಟ್ಟಿ ಕತ್ತರಿಸಿ ಜೋಡಿಸುವ ಚಟುವಟಿಕೆಯನ್ನು ಈ ವಾರವೇ ಆರಂಭಿಸುತ್ತೇನೆ. 'ಭ' ಮತ್ತೆ ಪಾಟಿಗೆ ಮರಳಲಿದೆ. ಇನ್ನೊಂದು ಸಂದೇಹ ಉಳಿದಿದೆ. ವಿಡಿಯೋಗಳ ಭಾಷೆ ನಮ್ಮ ಮಕ್ಕಳ ಭಾಷೆಯಲ್ಲ. ಪರದೆಯಲ್ಲಿ 'ಅವನು ಮನೆಗೆ ಹೋಗುತ್ತಾನೆ' ಎಂದರೆ ನಮ್ಮ ಮಕ್ಕಳು 'ಅಂವ ಮನಿಗೆ ಹೊಂಟಾನ' ಎನ್ನುತ್ತಾರೆ, ತಾಂಡಾದ ಮಗುವಿಗೆ ಎರಡೂ ದೂರ. ಈ ಅಂತರವನ್ನು ದಾಟಿಸಲು ಈ ಸಾಧನಗಳಿಂದ ಏನಾದರೂ ಮಾಡಬಹುದೇ?

ಉತ್ತರ 5: ನಿವೃತ್ತ ಸಿಆರ್‌ಪಿ, ಮೈಸೂರು ಜಿಲ್ಲೆ

ಖಂಡಿತ ಮಾಡಬಹುದು ಮೇಡಂ, ಮತ್ತು ನನ್ನ ದೃಷ್ಟಿಯಲ್ಲಿ ಟ್ಯಾಬ್‌ನ ಅತ್ಯುತ್ತಮ ಉಪಯೋಗ ಇದೇ. ಅದನ್ನು ಮಕ್ಕಳಿಗೆ ತೋರಿಸುವುದರ ಬದಲು ಮಕ್ಕಳ ಮಾತನ್ನು ಹಿಡಿದಿಡಲು ಬಳಸಿ. ನಿನ್ನೆ ಸಂತೆಯಲ್ಲಿ ಏನು ಕಂಡೆ, ಅಜ್ಜಿ ಯಾವ ಒಗಟು ಹೇಳಿದಳು ಎಂದು ಕೇಳಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಎಲ್ಲರಿಗೂ ಅದನ್ನು ಕೇಳಿಸುತ್ತಾ, ಸಾಲು ಸಾಲಿಗೆ ನಿಲ್ಲಿಸುತ್ತಾ, ಮಗು ಹೇಳಿದ್ದನ್ನು ಹೇಳಿದಂತೆಯೇ ಚಾರ್ಟ್ ಹಾಳೆಯ ಮೇಲೆ ಬರೆಯಿರಿ. 'ಹೊಂಟಾನ' ಎಂದಿದ್ದರೆ 'ಹೊಂಟಾನ' ಎಂದೇ ಬರೆಯಿರಿ, ತಿದ್ದಬೇಡಿ. ತನ್ನ ಬಾಯಿಂದ ಬಂದ ಮಾತು ಅಕ್ಷರವಾಗಿ ನಿಲ್ಲುವುದನ್ನು ಕಂಡ ಮಗುವಿಗೆ ಬರಹವೆಂದರೇನು ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಕೆಲವು ವಾರಗಳ ನಂತರ ಅದೇ ಹಾಳೆಯ ಪಕ್ಕದಲ್ಲಿ ಪುಸ್ತಕದ ಭಾಷೆಯ ಸಾಲನ್ನೂ ಬರೆದರೆ ಮಕ್ಕಳೇ ಎರಡನ್ನೂ ಹೋಲಿಸಿ ನೋಡುತ್ತಾರೆ.

ತಾಂಡಾದ ಮಗುವಿಗೂ ಇದೇ ದಾರಿ. ಆ ಮಗು 'ಯಾಡಿ', 'ಪಾಣಿ' ಎಂದು ಹೇಳಲಿ, ನೀವು ಕನ್ನಡ ಅಕ್ಷರಗಳಲ್ಲಿ ಹಾಗೆಯೇ ಬರೆದು ಕೆಳಗೆ 'ತಾಯಿ', 'ನೀರು' ಎಂದು ಸೇರಿಸಿ. ಲಂಬಾಣಿ ಪದಗಳ ಉಚ್ಚಾರಣೆಗಾಗಿ ಮಗುವಿನ ತಾಯಿಯನ್ನೇ ಒಂದು ದಿನ ತರಗತಿಗೆ ಕರೆಸಿ, ಅವರ ಧ್ವನಿಯಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹಾಳೆಗೆ ಐದಾರು ಸಾಲುಗಳಿಗಿಂತ ಹೆಚ್ಚು ಬೇಡ, ಅಕ್ಷರಗಳು ಹಿಂದಿನ ಸಾಲಿನ ಮಗುವಿಗೂ ಕಾಣುವಷ್ಟು ದೊಡ್ಡದಾಗಿರಲಿ, ಮತ್ತು ಹಾಳೆಯ ತಲೆಯ ಮೇಲೆ ಹೇಳಿದ ಮಗುವಿನ ಹೆಸರನ್ನು ಮರೆಯದೆ ಬರೆಯಿರಿ.